ಮೌನವು ಸಮ್ಮತಿಯ ಲಕ್ಷಣವಲ್ಲ

‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತನ್ನು ಕೇಳದ ಕನ್ನಡಿಗರು ವಿರಳ. ನಮ್ಮ ಗಡಿಯೂರುಗಳಲ್ಲಿ ಕನ್ನಡದ ಮಗ್ಗುಲಲ್ಲೇ ಬಾಳುತ್ತಿರುವ ತೆಲುಗು ಅದೇ ಭಾವವನ್ನು ‘ಮೌನಂ ಅರ್ಧಾಂಗೀಕಾರಂ’ ಎಂದು ಹೇಳುತ್ತದೆ; ಅಲ್ಲಿ ಮೌನಕ್ಕೆ ಅರ್ಧ ಒಪ್ಪಿಗೆಯ ಬೆಲೆಯಷ್ಟೇ ಉಂಟು. ಹೆಣ್ಣು ನೋಡುವ ಶಾಸ್ತ್ರದ ದಿನ ಹುಡುಗಿ ತಲೆ ತಗ್ಗಿಸಿ ಕುಳಿತರೆ ‘ಹುಡುಗಿಗೆ ಒಪ್ಪಿಗೆಯಂತೆ’ ಎಂದು ಹಿರಿಯರು ಸಾರುತ್ತಾರೆ. ಸೋದರಮಾವನಿಗೆ ಕೊಡುವ ರೂಢಿಯುಳ್ಳ ಮನೆಗಳಲ್ಲಂತೂ ತೊಟ್ಟಿಲ ಕೂಸನ್ನೇ ‘ಮಾವನ ಹೆಂಡತಿ’ ಎಂದು ಕರೆದು ಮುದ್ದಿಸುವುದುಂಟು. ಅಲ್ಲಿ ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಸಿದ್ಧವಾಗಿರುತ್ತದೆ. ಹೀಗೆ ಬೆಳೆದ ಹುಡುಗಿ, ಅವಳ ಜೊತೆಗೇ ಬೆಳೆದ ಹುಡುಗ, ಇಬ್ಬರೂ ಒಂದು ದಿನ ಕಾಲೇಜಿನ ಮೆಟ್ಟಿಲು ಹತ್ತುತ್ತಾರೆ. ಮನೆಯಲ್ಲಿ ಕಲಿತ ಗಾದೆಯೂ ಅವರೊಡನೆ ಒಳಗೆ ಬರುತ್ತದೆ.

ಆ ಗಾದೆಯನ್ನು ಮರೆಸುವ ಪಾಠ ನಮ್ಮ ಕಾಲೇಜುಗಳಲ್ಲಿ ನಡೆಯಬೇಕು, ಅದು ಮಕ್ಕಳ ಮನೆಮಾತಿನಲ್ಲಿ ನಡೆಯಬೇಕು ಎಂಬುದೇ ಈ ಲೇಖನದ ವಾದ. ಸಮ್ಮತಿ ಎಂದರೇನು, ಅದನ್ನು ಕೇಳುವುದು ಹೇಗೆ, ಕೊಡುವುದು ಹೇಗೆ, ಕೊಡದೆ ಇರುವುದು ಹೇಗೆ, ‘ಬೇಡ’ ಎಂಬ ಉತ್ತರವನ್ನು ಗೌರವದಿಂದ ಸ್ವೀಕರಿಸುವುದು ಹೇಗೆ ಎಂಬುದನ್ನು ಹೇಳಿಕೊಡುವ ಒಂದು ಗಂಟೆಯ ತರಗತಿಯೂ ಇಲ್ಲದೆ ಪದವಿ ಮುಗಿಸಿ ಹೊರಬರುವ ಯುವಕ ಯುವತಿಯರು ನಮ್ಮಲ್ಲಿ ಬಹಳ ಮಂದಿ. ಅವಘಡವಾದ ಮೇಲೆ ದೂರು ಕೇಳುವ ವ್ಯವಸ್ಥೆಯನ್ನು ಕಾನೂನು ಕಟ್ಟಿಕೊಟ್ಟಿದೆ. ಅವಘಡಕ್ಕೆ ಮುನ್ನ ಹೇಳಬೇಕಾದ ಮಾತನ್ನು ನಾವು ಇನ್ನೂ ಆರಂಭಿಸಿಲ್ಲ.

ಎರಡು ಊರು, ಎರಡು ಭಾಷೆ

ಹಿಂದೂಪುರ ಮತ್ತು ಕಲ್ಯಾಣದುರ್ಗಗಳು ನಮ್ಮ ಓದುಗರಿಗೆ ಹೊಸ ಊರುಗಳಲ್ಲ. ಬೆಲ್ಲ, ಹುಣಸೆ, ರೇಷ್ಮೆಗೂಡುಗಳ ವ್ಯಾಪಾರಕ್ಕೆ ಹೆಸರಾದ ಹಿಂದೂಪುರಕ್ಕೆ ಮಡಕಶಿರಾ, ಅಗಳಿ, ರೊಳ್ಳ, ಅಮರಾಪುರಂ ಕಡೆಯ ಕನ್ನಡದ ಮಕ್ಕಳು ಬಸ್ಸು ಹತ್ತಿ ಕಾಲೇಜಿಗೆ ಬರುತ್ತಾರೆ. ಕಡಲೆಕಾಯಿಯ ಬೆಲೆ, ಮಳೆಯ ಲೆಕ್ಕ ಇವೆರಡರ ಮೇಲೆಯೇ ಬದುಕು ನಿಂತಿರುವ ಕಲ್ಯಾಣದುರ್ಗಕ್ಕೆ ಕುಂದುರ್ಪಿ, ಶೆಟ್ಟೂರು, ಬ್ರಹ್ಮಸಮುದ್ರಗಳ ಮಕ್ಕಳು ಬರುತ್ತಾರೆ. 2022ರ ಏಪ್ರಿಲ್ 4ರಂದು ಜಿಲ್ಲೆಗಳ ಪುನರ್‌ವಿಂಗಡಣೆಯಾದ ಮೇಲೆ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಜಿಲ್ಲೆ ಬೇರೆಯಾದರೂ ಮಕ್ಕಳ ಪಾಡು ಒಂದೇ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಪುಸ್ತಕದಲ್ಲಿ ತೆಲುಗು ಇಲ್ಲವೆ ಇಂಗ್ಲಿಷು. ಪರೀಕ್ಷೆಯ ಉತ್ತರ ಬರೆಯಲು ಇಷ್ಟು ಸಾಕಾದೀತು. ಮೈಮೇಲೆ ಕೈ ಬಿದ್ದಾಗ ಬಾಯಿಂದ ಹೊರಡಬೇಕಾದ ಮಾತು ಯಾವ ಭಾಷೆಯಲ್ಲಿ ಹೊರಡಬೇಕು? ಅಂಜಿಕೆಯ ಗಳಿಗೆಯಲ್ಲಿ ಮನುಷ್ಯನಿಗೆ ಒದಗುವುದು ತಾಯಿಯಿಂದ ಕಲಿತ ಮಾತೇ. ಆ ಮಾತಿನಲ್ಲಿ ಈ ವಿಷಯವನ್ನು ಯಾರೂ ಎಂದೂ ಆಡದಿದ್ದರೆ ಗಂಟಲಲ್ಲಿ ಉಳಿಯುವುದು ಮೌನವೊಂದೇ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಆಂಧ್ರಪ್ರದೇಶದಲ್ಲಿ ಹತ್ತನೆಯ ತರಗತಿಯ ನಂತರದ ಇಂಟರ್‌ಮೀಡಿಯೆಟ್ ಓದು ನಡೆಯುವುದು ಜೂನಿಯರ್ ಕಾಲೇಜುಗಳಲ್ಲಿ. ನಮ್ಮ ಊರುಗಳಲ್ಲಿ ‘ಕಾಲೇಜಿಗೆ ಹೋಗುವ ಹುಡುಗಿ’ ಎಂದರೆ ಹದಿನೈದು ಹದಿನಾರರ ಮಗಳೂ ಆಗಿರಬಹುದು. ವಿಶ್ವವಿದ್ಯಾಲಯಗಳ ಆವರಣವನ್ನು ಮನಸ್ಸಿನಲ್ಲಿಟ್ಟುಕೊಂಡು ದೂರದ ನಗರಗಳಲ್ಲಿ ರೂಪುಗೊಂಡ ಉಪನ್ಯಾಸವನ್ನು ಇಲ್ಲಿಗೆ ಹಾಗೆಯೇ ತಂದು ಓದಿದರೆ ಸಾಲದು.

ಕಾನೂನು ನಡೆದು ಬಂದ ಹಾದಿ

ಮೌನವನ್ನು ಸಮ್ಮತಿಯೆಂದು ಎಣಿಸುವ ದೋಷ ನಮ್ಮ ಹಳ್ಳಿಗಳದಷ್ಟೇ ಅಲ್ಲ. ದೇಶದ ಅತ್ಯುನ್ನತ ನ್ಯಾಯಾಲಯವೂ ಒಮ್ಮೆ ಆ ಹಾದಿಯಲ್ಲಿ ನಡೆದಿತ್ತು. 1972ರಲ್ಲಿ ಮಹಾರಾಷ್ಟ್ರದ ಆದಿವಾಸಿ ಬಾಲಕಿಯೊಬ್ಬಳ ಮೇಲೆ ಪೊಲೀಸ್ ಠಾಣೆಯೊಳಗೇ ಅತ್ಯಾಚಾರ ನಡೆಯಿತೆಂಬ ಆರೋಪ ಬಂತು. ಮುಂಬಯಿ ಉಚ್ಚ ನ್ಯಾಯಾಲಯವು, ಭಯಕ್ಕೆ ಶರಣಾಗುವುದು ಬೇರೆ, ಸಮ್ಮತಿಸುವುದು ಬೇರೆ ಎಂದು ತಿಳಿದು ಆರೋಪಿಗಳನ್ನು ಶಿಕ್ಷಿಸಿತು. 1978ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಿರುವಿಹಾಕಿತು. ಹುಡುಗಿಯ ಮೈಮೇಲೆ ಗಾಯದ ಗುರುತಿಲ್ಲ, ಅವಳು ಪ್ರತಿಭಟಿಸಿದ ಕುರುಹಿಲ್ಲ ಎಂಬುದು ಮುಖ್ಯ ಕಾರಣವಾಯಿತು. ಮರುವರ್ಷ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ರಘುನಾಥ ಕೇಳ್ಕರ್, ವಸುಧಾ ಧಗಮವಾರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದು ಈ ತರ್ಕವನ್ನು ಪ್ರಶ್ನಿಸಿದರು. ಅದರಿಂದೆದ್ದ ಚಳವಳಿಯ ಫಲವಾಗಿ 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಕಾಲೇಜಿನ ಅಧ್ಯಾಪಕರು ಬರೆದ ಪತ್ರವೊಂದು ದೇಶದ ಕಾನೂನನ್ನು ಬದಲಿಸಲು ಕಾರಣವಾಯಿತೆಂಬುದನ್ನು ನಮ್ಮ ಅಧ್ಯಾಪಕರು ನೆನಪಿನಲ್ಲಿಡಬೇಕು.

ಎರಡನೆಯ ಮೈಲಿಗಲ್ಲು ನಮ್ಮ ಬಯಲುಸೀಮೆಗೆ ಇನ್ನೂ ಹತ್ತಿರದ್ದು. ರಾಜಸ್ಥಾನದ ಭಟೇರಿ ಗ್ರಾಮದ ಭಂವರಿ ದೇವಿ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ದುಡಿಯುತ್ತಿದ್ದವರು. ಬಾಲ್ಯವಿವಾಹವೊಂದನ್ನು ತಡೆಯಲು ಹೋದದ್ದಕ್ಕಾಗಿ 1992ರಲ್ಲಿ ತಮ್ಮ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತೆಂದು ಅವರು ದೂರು ಕೊಟ್ಟರು. ಆ ಪ್ರಕರಣದ ಹಿನ್ನೆಲೆಯಲ್ಲಿ ಮಹಿಳಾ ಸಂಘಟನೆಗಳು ಹೂಡಿದ ಮೊಕದ್ದಮೆಯಲ್ಲಿ 1997ರ ಆಗಸ್ಟ್ 13ರಂದು ಸರ್ವೋಚ್ಚ ನ್ಯಾಯಾಲಯ ‘ವಿಶಾಖಾ ಮಾರ್ಗಸೂಚಿ’ಗಳನ್ನು ಕೊಟ್ಟಿತು. ಅದೇ ಬೆಳೆದು 2013ರ ಲೈಂಗಿಕ ಕಿರುಕುಳ ತಡೆ ಕಾಯಿದೆಯಾಯಿತು. ಇಂದು ಕಾಲೇಜು ಹುಡುಗಿಯೊಬ್ಬಳು ದೂರು ಕೊಡಲು ಒಂದು ಸಮಿತಿ ಇದೆಯೆಂದರೆ, ಅದರ ಬೇರು ಹಳ್ಳಿಯ ಬಾಲ್ಯವಿವಾಹವೊಂದನ್ನು ತಡೆಯಲು ಹೊರಟ ಹೆಂಗಸಿನ ಧೈರ್ಯದಲ್ಲಿದೆ.

ಮೂರನೆಯದು 2012ರ ಡಿಸೆಂಬರ್ 16ರ ದೆಹಲಿಯ ಘಟನೆ. ನ್ಯಾಯಮೂರ್ತಿ ವರ್ಮಾ ಸಮಿತಿಯ ವರದಿಯ ನಂತರ 2013ರಲ್ಲಿ ಆದ ತಿದ್ದುಪಡಿಯು ಸಮ್ಮತಿ ಎಂಬ ಪದಕ್ಕೆ ಸ್ಪಷ್ಟ ಅರ್ಥ ಕೊಟ್ಟಿತು. ಇಂತಹದೊಂದು ಲೈಂಗಿಕ ಕ್ರಿಯೆಗೆ ತಾನು ಸಿದ್ಧಳೆಂದು ಹೆಣ್ಣು ಮಾತಿನಿಂದಲೋ ಸನ್ನೆಯಿಂದಲೋ ಸಂದೇಹಕ್ಕೆ ಎಡೆಯಿಲ್ಲದಂತೆ, ಸ್ವಇಚ್ಛೆಯಿಂದ ತಿಳಿಸುವುದೇ ಸಮ್ಮತಿ. ಅವಳು ಮೈಯಿಂದ ಪ್ರತಿಭಟಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಅವಳು ಒಪ್ಪಿದಳೆಂದು ತಿಳಿಯುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 63ನೆಯ ವಿಧಿಯಲ್ಲಿಯೂ ಇದೇ ವಿವರಣೆ ಉಳಿದಿದೆ. ಹೆದರಿಸಿ ಪಡೆದ ಒಪ್ಪಿಗೆ, ತಪ್ಪು ತಿಳಿವಳಿಕೆಯಲ್ಲಿ ಕೊಟ್ಟ ಒಪ್ಪಿಗೆ, ಅಮಲಿನಿಂದ ತಿಳಿವು ತಪ್ಪಿದ ಸ್ಥಿತಿಯಲ್ಲಿ ಕೊಟ್ಟ ಒಪ್ಪಿಗೆ, ಇವು ಯಾವುವೂ ಒಪ್ಪಿಗೆಯಲ್ಲವೆಂದು ಅದೇ ಸಂಹಿತೆಯ 28ನೆಯ ವಿಧಿ ಹೇಳುತ್ತದೆ. ಅಂದಮೇಲೆ ನಮ್ಮ ಗಾದೆ ಕಾನೂನಿನ ಕಣ್ಣಿನಲ್ಲಿ 2013ರಲ್ಲೇ ಸತ್ತುಹೋಯಿತು. ಸಾವಿನ ಸುದ್ದಿ ಮಾತ್ರ ಮನೆಗಳಿಗೆ ತಲುಪಿಲ್ಲ.

ಹದಿನೆಂಟರ ಗೆರೆ

ಸಮ್ಮತಿಯ ಪಾಠದಲ್ಲಿ ಮೊದಲು ಹೇಳಬೇಕಾದದ್ದು ವಯಸ್ಸಿನ ಮಾತು. 1860ರ ದಂಡಸಂಹಿತೆಯಲ್ಲಿ ಹೆಣ್ಣುಮಗುವಿನ ಸಮ್ಮತಿಯ ವಯಸ್ಸು ಹತ್ತು. ಬಂಗಾಳದ ಎಳೆಯ ವಧುವೊಬ್ಬಳು ಗಂಡನ ಬಲಾತ್ಕಾರದಿಂದ ಸತ್ತ ಮೇಲೆ, 1891ರಲ್ಲಿ ದೊಡ್ಡ ವಾಗ್ವಾದದ ನಡುವೆ, ಅದು ಹನ್ನೆರಡಕ್ಕೆ ಏರಿತು. ಗಡಿಯಾಚೆಯ ಮೈಸೂರು ಸಂಸ್ಥಾನ 1894ರಲ್ಲೇ ಎಂಟು ವರ್ಷಕ್ಕಿಂತ ಕಿರಿಯ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತು. 2012ರ ಪೋಕ್ಸೋ ಕಾಯಿದೆಯ ಪ್ರಕಾರ ಹದಿನೆಂಟು ತುಂಬದ ಪ್ರತಿಯೊಬ್ಬರೂ, ಹುಡುಗನಾಗಲಿ ಹುಡುಗಿಯಾಗಲಿ, ಮಗುವೇ; ಆ ಮಗು ‘ಆಗಲಿ’ ಎಂದರೂ ಕಾನೂನು ಅದನ್ನು ಸಮ್ಮತಿಯೆಂದು ಎಣಿಸುವುದಿಲ್ಲ. 2017ರ ಅಕ್ಟೋಬರ್ 11ರಂದು ಸರ್ವೋಚ್ಚ ನ್ಯಾಯಾಲಯ ಈ ನಿಯಮವನ್ನು ಮದುವೆಯೊಳಕ್ಕೂ ಒಯ್ದಿತು: ತಾಳಿ ಕಟ್ಟಿದ್ದರೂ ಹದಿನೆಂಟಕ್ಕಿಂತ ಕಿರಿಯ ಹೆಂಡತಿಯೊಡನೆ ಕೂಡುವುದು ಅತ್ಯಾಚಾರವೇ. ವಯಸ್ಕ ಹೆಂಡತಿಯ ವಿಷಯದಲ್ಲಿ ಕಾನೂನು ಇನ್ನೂ ಈ ಮಾತು ಹೇಳಿಲ್ಲ ಎಂಬುದೂ ವಿದ್ಯಾರ್ಥಿಗಳಿಗೆ ತಿಳಿದಿರಬೇಕು.

ಈ ಮಾತು ನಮ್ಮಲ್ಲಿ ಏಕೆ ಮುಖ್ಯ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆಂಧ್ರಪ್ರದೇಶದಲ್ಲಿ 20ರಿಂದ 24ರ ವಯಸ್ಸಿನ ಮಹಿಳೆಯರಲ್ಲಿ ಶೇ. 29.3ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ದೇಶದ ಸರಾಸರಿ ಶೇ. 23.3. ಜೂನಿಯರ್ ಕಾಲೇಜಿನ ಬೆಂಚಿನ ಮೇಲೆ ಕುಳಿತ ಹುಡುಗಿಯರಲ್ಲಿ ಎಷ್ಟೋ ಮಂದಿಯ ಮದುವೆಯ ಮಾತು ಮನೆಯಲ್ಲಿ ನಡೆಯುತ್ತಿರುತ್ತದೆ. ಅವರಿಗೆ ಸಮ್ಮತಿಯ ಪಾಠವೆಂದರೆ ದೂರದ ನಗರದ ಸ್ವೇಚ್ಛೆಯ ಕಥೆಯಲ್ಲ; ಮುಂದಿನ ಮಾಘಮಾಸದ ಲಗ್ನದ ಪ್ರಶ್ನೆ.

ಹದಿಹರೆಯದ ಪ್ರೇಮಗಳ ವಿಷಯದಲ್ಲಿ ಇದೇ ಕಾನೂನು ಇನ್ನೊಂದು ಮುಖವನ್ನು ತೋರುತ್ತದೆ. ಹದಿನೇಳರ ಹುಡುಗಿ, ಹತ್ತೊಂಬತ್ತರ ಹುಡುಗ ಮನೆ ಬಿಟ್ಟು ಹೋದರೆ, ಹುಡುಗಿಯ ಮನೆಯವರ ದೂರಿನ ಮೇಲೆ ಹುಡುಗನ ಮೇಲೆ ಪೋಕ್ಸೋ ಮೊಕದ್ದಮೆ ಬೀಳುತ್ತದೆ. 2022ರ ನವೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಧಾರವಾಡ ಪೀಠ ಇಂತಹ ಪ್ರಕರಣವೊಂದರಲ್ಲಿ, ಸಮ್ಮತಿಯ ವಯಸ್ಸಿನ ಬಗ್ಗೆ ಮರುಚಿಂತನೆ ಅಗತ್ಯವೆಂದು ಕಾನೂನು ಆಯೋಗಕ್ಕೆ ಸೂಚಿಸಿತು. ಒಂಬತ್ತನೆಯ ತರಗತಿಯಿಂದಲೇ ಮಕ್ಕಳಿಗೆ ಈ ಕಾನೂನನ್ನು ತಿಳಿಸುವ ಪಾಠಸಾಮಗ್ರಿ ಸಿದ್ಧಪಡಿಸಬೇಕೆಂದೂ ಹೇಳಿತು. ಆಯೋಗವು 2023ರ ತನ್ನ 283ನೆಯ ವರದಿಯಲ್ಲಿ ವಯಸ್ಸನ್ನು ಇಳಿಸುವುದು ಬೇಡವೆಂದಿತು. ಹದಿನಾರರಿಂದ ಹದಿನೆಂಟರ ನಡುವಿನ ಪ್ರಕರಣಗಳಲ್ಲಿ ಶಿಕ್ಷೆಯ ವಿಷಯವನ್ನು ನ್ಯಾಯಾಧೀಶರ ವಿವೇಚನೆಗೆ ಬಿಡಬಹುದೆಂದಿತು. ಈ ಚರ್ಚೆ ಮುಂದುವರಿಯಲಿ. ಅಲ್ಲಿಯವರೆಗೆ ಹುಡುಗರಿಗೆ ‘ಗೆರೆ ಇಲ್ಲಿದೆ’ ಎಂದು ತೋರಿಸದೆ, ದಾಟಿದ ಮೇಲೆ ಸೆರೆಮನೆಗೆ ಕಳಿಸುವುದು ಯಾವ ನ್ಯಾಯ?

ಪದಗಳ ಪಾಠ

ನಮ್ಮ ಮಾತಿನಲ್ಲಿಯೇ ತಿದ್ದಬೇಕಾದ ಪದಗಳಿವೆ. ಬೀದಿಯಲ್ಲಿ, ಬಸ್ಸಿನಲ್ಲಿ ಹುಡುಗಿಗೆ ಕೊಡುವ ಕಿರುಕುಳವನ್ನು ಕನ್ನಡ ಪತ್ರಿಕೆಗಳು ಬಹುಕಾಲ ‘ಚುಡಾಯಿಸುವುದು’ ಎಂದು ಬರೆದವು. ಅತ್ತಿಗೆ ಮೈದುನರ ನಡುವಿನ ಹಾಸ್ಯಕ್ಕೂ ಅಪರಿಚಿತನ ಅಸಭ್ಯತೆಗೂ ಒಂದೇ ಪದ ಬಳಸಿದರೆ ಅಪರಾಧವು ತಮಾಷೆಯಂತೆ ಕಾಣುತ್ತದೆ. ತೆಲುಗಿನವರು ಇದಕ್ಕೆ ಬಳಸುವ ‘ಏಡಿಪಿಂಚಡಂ’ ಎಂಬ ಪದದ ಮೂಲಾರ್ಥ ‘ಅಳಿಸುವುದು’. ಅಳುವವರು ಯಾರೆಂಬುದನ್ನಾದರೂ ಅದು ಮರೆಮಾಚುವುದಿಲ್ಲ. ಹಾಗೆಯೇ ‘ಮಾನಭಂಗ’ ಎಂಬ ಪದವನ್ನು ನೋಡಿ. ಕೇಡು ಮಾಡಿದವನೊಬ್ಬ, ಮಾನ ಮುರಿದದ್ದು ಅವಳದು! ‘ಅತ್ಯಾಚಾರ’ ಎಂದಾಗ ಆಚಾರಗೆಟ್ಟವನು ಅವನೆಂದು ಪದವೇ ಸಾರುತ್ತದೆ. ಅಧ್ಯಾಪಕರು ಈ ಮೂರು ಪದಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಅರ್ಧ ಗಂಟೆ ಚರ್ಚಿಸಿದರೆ ಪಾಠದ ಅರ್ಧ ಭಾಗ ಮುಗಿದಂತೆ.

ಎರಡು ಭಾಷೆಗಳಿಗೂ ಸೇರಿದ ಒಂದು ಒಳ್ಳೆಯ ಪದವೂ ನಮ್ಮಲ್ಲಿದೆ. ಕನ್ನಡದಲ್ಲಿ ‘ಒಪ್ಪು’ ಎಂದರೆ ಸಮ್ಮತಿಸು. ‘ತಪ್ಪು ಒಪ್ಪು’ ಎನ್ನುವಾಗ ಅದೇ ಪದಕ್ಕೆ ಸರಿಯಾದದ್ದು ಎಂಬ ಅರ್ಥ. ಹಳಗನ್ನಡದಲ್ಲಿ ಶೋಭಿಸು ಎಂಬ ಅರ್ಥವೂ ಉಂಟು. ತೆಲುಗಿನಲ್ಲಿಯೂ ‘ತಪ್ಪು’ವಿಗೆ ಎದುರಾದ ಪದ ‘ಒಪ್ಪು’, ಸಮ್ಮತಿಸುವುದು ‘ಒಪ್ಪುಕೋವಡಂ’. ಇಬ್ಬರು ಒಪ್ಪಿದ್ದು ಒಪ್ಪು, ಒಬ್ಬರು ಒಪ್ಪದ್ದು ತಪ್ಪು. ಹಿಂದೂಪುರದ ಒಂದೇ ಬೆಂಚಿನಲ್ಲಿ ಕುಳಿತ ಕನ್ನಡದ ಹುಡುಗಿಗೂ ತೆಲುಗಿನ ಹುಡುಗನಿಗೂ ಇದನ್ನು ತಿಳಿಸಲು ನಿಘಂಟು ಬೇಕಿಲ್ಲ.

ಒಮ್ಮೆ ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದೇ ಎಂಬ ಪ್ರಶ್ನೆ ಹುಡುಗರಿಂದ ಖಂಡಿತ ಬರುತ್ತದೆ. ಇದಕ್ಕೆ ಉತ್ತರವನ್ನು ಪರದೇಶದ ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ. ಹರಿಹರನ ರಗಳೆಯಲ್ಲಿ ಮಹಾದೇವಿಯಕ್ಕ ಅರಸ ಕೌಶಿಕನಿಗೆ ಷರತ್ತುಗಳನ್ನು ವಿಧಿಸಿಯೇ ಅರಮನೆಗೆ ಬರುತ್ತಾಳೆ. ಅವನು ಮಾತಿಗೆ ತಪ್ಪಿದಾಗ ಎಲ್ಲವನ್ನೂ ಅಲ್ಲಿಯೇ ಬಿಟ್ಟು ಹೊರಟುಬಿಡುತ್ತಾಳೆ. ‘ಒಮ್ಮೆ ಬಂದವಳು ಹೇಗೆ ಹೋದಾಳು’ ಎಂದು ಎಂಟು ಶತಮಾನಗಳಿಂದ ಕನ್ನಡ ನಾಡು ಅವಳನ್ನು ಕೇಳಿಲ್ಲ. ಅಕ್ಕ ಎಂದು ಕರೆದು ಕೈಮುಗಿದಿದೆ. ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲದು, ನಿನ್ನೆಯ ಒಪ್ಪಿಗೆ ಇಂದಿಗೆ ಸಲ್ಲದು ಎಂಬ ತತ್ತ್ವ ನಮ್ಮ ಪರಂಪರೆಗೆ ಹೊರಗಿನದೇನೂ ಅಲ್ಲ.

ಮೊಬೈಲಿನ ಕಾಲಕ್ಕೆ ಇದೇ ತತ್ತ್ವ ಇನ್ನೊಂದು ರೂಪದಲ್ಲಿ ಬೇಕು. ಸ್ನೇಹದಲ್ಲಿ, ಪ್ರೇಮದಲ್ಲಿ ಒಬ್ಬಳು ತನ್ನ ಚಿತ್ರ ತೆಗೆಯಲು ಒಪ್ಪಿರಬಹುದು. ತೆಗೆಯಲು ಒಪ್ಪಿದ್ದು ಹಂಚಲು ಒಪ್ಪಿದಂತಲ್ಲ. ಖಾಸಗಿ ಚಿತ್ರವನ್ನು ಸೆರೆಹಿಡಿಯಲು ಸಮ್ಮತಿಸಿದ್ದರೂ ಅದನ್ನು ಮೂರನೆಯವರಿಗೆ ಕಳಿಸಲು ಸಮ್ಮತಿಸದಿದ್ದರೆ, ಕಳಿಸುವುದು ಅಪರಾಧವೆಂದು ನ್ಯಾಯ ಸಂಹಿತೆಯ 77ನೆಯ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ವಾಟ್ಸಾಪ್ ಗುಂಪಿಗೆ ಬಂದ ಅಂತಹ ಚಿತ್ರವನ್ನು ‘ನಾನು ಬರೀ ಮುಂದಕ್ಕೆ ಕಳಿಸಿದೆ’ ಎನ್ನುವವನೂ ತಪ್ಪಿನ ಪಾಲುಗಾರನೇ.

‘ಬೇಡ’ವನ್ನು ಕೇಳಿಸಿಕೊಳ್ಳುವ ವಿದ್ಯೆ

ಹೆಣ್ಣುಮಕ್ಕಳಿಗೆ ‘ಧೈರ್ಯವಾಗಿ ಬೇಡ ಅನ್ನಿ’ ಎಂದು ಹೇಳಿ ಮುಗಿಸುವ ಉಪನ್ಯಾಸಗಳು ಅರ್ಧ ಕೆಲಸ ಮಾಡುತ್ತವೆ. ಆ ‘ಬೇಡ’ ಯಾರ ಕಿವಿಗೆ ಬೀಳಬೇಕೋ ಅವರಿಗೆ ಪಾಠವಾಗಬೇಡವೇ? ನಮ್ಮ ಚಲನಚಿತ್ರಗಳಲ್ಲಿ, ಕನ್ನಡವಾಗಲಿ ತೆಲುಗಾಗಲಿ, ನಾಯಕ ಹಿಂದೆ ಬೀಳುತ್ತಾನೆ, ನಾಯಕಿ ಸಿಡುಕುತ್ತಾಳೆ, ಮೂರನೆಯ ಹಾಡಿನ ಹೊತ್ತಿಗೆ ಒಲಿಯುತ್ತಾಳೆ. ಇದನ್ನೇ ನೋಡಿ ಬೆಳೆದ ಹುಡುಗ ‘ಬೇಡ’ ಎಂದರೆ ‘ಇನ್ನೂ ಪ್ರಯತ್ನಿಸು’ ಎಂದು ತಿಳಿಯುತ್ತಾನೆ. ಹಿಂದಿಯ ‘ಪಿಂಕ್’ ಚಿತ್ರ 2021ರಲ್ಲಿ ತೆಲುಗಿನಲ್ಲಿ ‘ವಕೀಲ್ ಸಾಬ್’ ಆಗಿ ಬಂದಾಗ, ಹೆಣ್ಣಿನ ‘ಬೇಡ’ಕ್ಕೆ ಬೇರೆ ವಿವರಣೆ ಬೇಕಿಲ್ಲ ಎಂಬ ವಾದವನ್ನು ಜನಪ್ರಿಯ ನಾಯಕನ ಬಾಯಿಂದ ನಮ್ಮ ಊರಿನ ಹುಡುಗರು ಕೇಳಿದರು. ಅಂತಹ ಚಿತ್ರಗಳು ಬೆರಳೆಣಿಕೆಯಷ್ಟು. ಎದುರಿನ ಸಾಲಿನಲ್ಲಿ ನೂರಾರು.

ತಿರಸ್ಕಾರವನ್ನು ಸಹಿಸಲು ಕಲಿಯದ ಗಂಡಿನ ಕ್ರೌರ್ಯ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಅವಿಭಜಿತ ಆಂಧ್ರ ಕಂಡಿದೆ. 2008ರ ಡಿಸೆಂಬರಿನಲ್ಲಿ ವಾರಂಗಲ್ಲಿನ ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿನಿಯರ ಮೇಲೆ ಆಸಿಡ್ ಎರಚಲಾಯಿತು. ಒಬ್ಬಳು ಅದೇ ತಿಂಗಳು ತೀರಿಕೊಂಡಳು. ಆರೋಪಿಗಳಾದ ಮೂವರು ಯುವಕರನ್ನು ಪೊಲೀಸರು ಎನ್‌ಕೌಂಟರಿನಲ್ಲಿ ಕೊಂದರು. ಜನ ಸಿಹಿ ಹಂಚಿದರು. ಆ ಗುಂಡುಗಳಿಂದ ಮುಂದಿನ ಬ್ಯಾಚಿನ ಹುಡುಗರಿಗೆ ಯಾವ ಪಾಠವೂ ಆಗಲಿಲ್ಲ. ಪಾಠ ಬೇರೆ ಕಡೆಯಿಂದ ಬಂತು. ಹೈದರಾಬಾದಿನ ‘ಅನ್ವೇಷಿ’ ಮಹಿಳಾ ಅಧ್ಯಯನ ಕೇಂದ್ರದ ವಿದ್ವಾಂಸರು ತೆಲುಗು ಮತ್ತು ಇಂಗ್ಲಿಷ್ ಎರಡರಲ್ಲೂ ಲಿಂಗಸಮಾನತೆಯ ಪಠ್ಯವೊಂದನ್ನು ಸಿದ್ಧಪಡಿಸಿದರು. 2015ರಲ್ಲಿ ತೆಲುಗು ಅಕಾಡೆಮಿ ಅದನ್ನು ಪ್ರಕಟಿಸಿತು. ಹೈದರಾಬಾದಿನ ಜವಾಹರಲಾಲ್ ನೆಹರು ತಾಂತ್ರಿಕ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅದು ಪಾಠವಾಯಿತು. ಮನೆಗೆಲಸದ ಲೆಕ್ಕದಿಂದ ಹಿಡಿದು, ಕಿರುಕುಳವನ್ನು ತಮಾಷೆಯೆಂದು ಕರೆಯಬಾರದೇಕೆ, ಪ್ರೀತಿಗೂ ಆಸಿಡ್‌ಗೂ ಏಕೆ ಸಂಬಂಧವಿಲ್ಲ ಎಂಬವರೆಗೆ ಅದರಲ್ಲಿ ಪಾಠಗಳಿವೆ. ಕನ್ನಡದಲ್ಲಿಯೂ ಇಂತಹದೊಂದು ಪಠ್ಯ ಬಂದರೆ, ಅನಂತಪುರದ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಓದುತ್ತಿರುವ ಕನ್ನಡದ ಮಕ್ಕಳಿಗೆ ಅದು ನೆರವಾದೀತು.

ಹುಡುಗರಿಗೆ ಈ ಪಾಠ ಆರೋಪಪಟ್ಟಿಯಂತೆ ಕೇಳಿಸಬಾರದು. ಅವರಲ್ಲಿಯೂ ಕಿರುಕುಳ ಉಂಡವರಿದ್ದಾರೆ. ಹಾಸ್ಟೆಲಿನಲ್ಲಿ, ಬಾಲ್ಯದಲ್ಲಿ, ನಂಬಿದ ಹಿರಿಯರಿಂದ. ವಿಶ್ವವಿದ್ಯಾಲಯ ಅನುದಾನ ಆಯೋಗದ ನಿಯಮಾವಳಿಯು ಗಂಡುಮಕ್ಕಳೂ ತೃತೀಯಲಿಂಗಿ ವಿದ್ಯಾರ್ಥಿಗಳೂ ಇಂತಹ ಹಿಂಸೆಗೆ ಗುರಿಯಾಗಬಹುದೆಂದು ಗುರುತಿಸಿದೆ. ‘ಗಂಡಸಿಗೆ ಯಾತರ ಅಳು’ ಎಂಬ ಮಾತು ಅವರ ಬಾಯಿಗೆ ಹಾಕಿದ ಬೀಗ.

ಸಮಿತಿ ಎಂಬ ಫಲಕ

ಆಯೋಗದ ಆ ನಿಯಮಾವಳಿ 2015ರದು. 2016ರ ಮೇ ತಿಂಗಳಿನಲ್ಲಿ ರಾಜಪತ್ರದಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಪ್ರತಿ ಕಾಲೇಜಿನಲ್ಲಿ ಆಂತರಿಕ ದೂರು ಸಮಿತಿ ಇರಬೇಕು. ಅಧ್ಯಕ್ಷರು ಹಿರಿಯ ಅಧ್ಯಾಪಕಿಯಾಗಿರಬೇಕು. ಸದಸ್ಯರಲ್ಲಿ ಅರ್ಧಕ್ಕೆ ಕಡಮೆಯಾಗದಂತೆ ಮಹಿಳೆಯರಿರಬೇಕು. ಹೊರಗಿನ ಸಂಸ್ಥೆಯಿಂದ ಒಬ್ಬರಿರಬೇಕು. ದೂರು ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದಾದರೆ ಚುನಾಯಿತರಾದ ಮೂವರು ವಿದ್ಯಾರ್ಥಿ ಸದಸ್ಯರೂ ಕೂಡಬೇಕು. ಸಮಿತಿ ಸ್ವತಂತ್ರವಾಗಿರಲೆಂದು ಪ್ರಾಂಶುಪಾಲರು, ವಿಭಾಗದ ಮುಖ್ಯಸ್ಥರು ಅದರ ಸದಸ್ಯರಾಗುವಂತಿಲ್ಲ. ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಬಹುದು, ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು ಅವಕಾಶ. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಹೆಣ್ಣುಮಕ್ಕಳ ಸುರಕ್ಷತೆಯ ನೆಪದಲ್ಲಿ ಅವರ ಹಾಸ್ಟೆಲಿಗೆ ಮಾತ್ರ ಕಟ್ಟುಪಾಡು ಹೇರಬಾರದೆಂದೂ ಅದು ಹೇಳುತ್ತದೆ.

ಇಷ್ಟೆಲ್ಲ ಇದ್ದೂ ಸಮಿತಿಯ ಮೇಲೆ ನಂಬಿಕೆ ಇಲ್ಲದಿದ್ದರೆ ಏನಾಗುತ್ತದೆ? 2025ರ ಜುಲೈಯಲ್ಲಿ ಒಡಿಶಾದ ಬಾಲಸೋರಿನ ಕಾಲೇಜೊಂದರ ಇಪ್ಪತ್ತರ ವಿದ್ಯಾರ್ಥಿನಿ ತನ್ನ ವಿಭಾಗದ ಮುಖ್ಯಸ್ಥರ ಮೇಲೆ ಕಿರುಕುಳದ ದೂರು ಕೊಟ್ಟಿದ್ದಳು. ದೂರಿಗೆ ಬೆಲೆ ಸಿಗಲಿಲ್ಲವೆಂದು ನೊಂದು, ಕಾಲೇಜಿನ ಆವರಣದಲ್ಲೇ ಬೆಂಕಿಗೆ ತನ್ನನ್ನು ಒಪ್ಪಿಸಿಕೊಂಡು ಪ್ರಾಣ ಬಿಟ್ಟಳು. ಅದಕ್ಕೂ ಮುನ್ನ, 2023ರ ಮೇ 12ರಂದು, ಗೋವಾ ವಿಶ್ವವಿದ್ಯಾಲಯದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ, ಕಾಯಿದೆ ಬಂದು ದಶಕವಾದರೂ ಅದರ ಜಾರಿಯಲ್ಲಿ ಗಂಭೀರ ಲೋಪಗಳಿವೆಯೆಂದು ಹೇಳಿ, ಸಮಿತಿಗಳು ನಿಜವಾಗಿ ರಚನೆಯಾಗಿವೆಯೇ ಎಂದು ಪರಿಶೀಲಿಸುವಂತೆ ಸರ್ಕಾರಗಳಿಗೆ ಆದೇಶಿಸಿತ್ತು.

ನಮ್ಮ ಊರುಗಳಲ್ಲಿ ಟ್ಯುಟೋರಿಯಲ್, ಕೋಚಿಂಗ್ ಕೇಂದ್ರಗಳು ಹಲವು. ಹತ್ತಕ್ಕಿಂತ ಕಡಮೆ ನೌಕರರಿರುವ ಕಡೆ ಆಂತರಿಕ ಸಮಿತಿ ಇರುವುದಿಲ್ಲ. ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಹಿಂದೂಪುರದ ಹುಡುಗಿಗೆ ಜಿಲ್ಲಾ ಕೇಂದ್ರ ಪುಟ್ಟಪರ್ತಿ, ಕಲ್ಯಾಣದುರ್ಗದವಳಿಗೆ ಅನಂತಪುರ. ಬಸ್ಸಿನ ಖರ್ಚಿಗೂ ಮನೆಯಲ್ಲಿ ಕಾರಣ ಹೇಳಬೇಕಾದ ಹುಡುಗಿಗೆ ಈ ದೂರ ಕಿಲೋಮೀಟರುಗಳ ಲೆಕ್ಕದ್ದಲ್ಲ.

ಮನೆಯ ಭಯ

ಇಲ್ಲಿಯೇ ನಮ್ಮ ಪ್ರದೇಶದ ನಿಜವಾದ ಗಂಟು ಇರುವುದು. ಬಸ್ಸಿನಲ್ಲಿ ಒಬ್ಬ ದಿನವೂ ಹಿಂಬಾಲಿಸುತ್ತಾನೆಂದು ಮಗಳು ಮನೆಯಲ್ಲಿ ಹೇಳಿದಳೆಂದುಕೊಳ್ಳೋಣ. ಹಿಂಬಾಲಿಸುವುದು ನ್ಯಾಯ ಸಂಹಿತೆಯ 78ನೆಯ ವಿಧಿಯಂತೆ ಮೂರು ವರ್ಷದವರೆಗೆ ಸೆರೆವಾಸ ತರಬಲ್ಲ ಅಪರಾಧ. ಅಪ್ಪ ಠಾಣೆಗೆ ಹೋಗುವನೇ? ‘ನಾಳೆಯಿಂದ ಕಾಲೇಜು ಸಾಕು’ ಎನ್ನುವ ಸಂಭವವೇ ಹೆಚ್ಚು. ಅದರ ಹಿಂದೆಯೇ ಗಂಡು ಹುಡುಕುವ ಕೆಲಸ. ತಪ್ಪು ಯಾರೋ ಮಾಡಿದ್ದು, ದಂಡ ತೆರುವವಳು ಮಗಳು. ಈ ಲೆಕ್ಕ ಅವಳಿಗೆ ಚೆನ್ನಾಗಿ ಗೊತ್ತು. ಆದುದರಿಂದಲೇ ಅವಳು ಸುಮ್ಮನಿರುತ್ತಾಳೆ. ಆ ಮೌನ ಸಮ್ಮತಿಯಲ್ಲ. ತನ್ನ ಓದನ್ನು ಉಳಿಸಿಕೊಳ್ಳಲು ಅವಳು ತೆರುತ್ತಿರುವ ಬೆಲೆ. ಹಿಂಬಾಲಿಸುವವನು ಮಾತ್ರ ಅದನ್ನು ಸಮ್ಮತಿಯೆಂದೇ ಓದುತ್ತಾನೆ.

ಇಂತಹ ಪಾಠ ಮಕ್ಕಳನ್ನು ಕೆಡಿಸುತ್ತದೆಯೆಂಬ ಹಿರಿಯರ ಆತಂಕವನ್ನು ಹಗುರವಾಗಿ ಕಾಣಬೇಕಾಗಿಲ್ಲ. 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಕರ್ನಾಟಕವೂ ಸೇರಿ ಹಲವು ರಾಜ್ಯಗಳು ನಿಲ್ಲಿಸಿದ್ದು ಇದೇ ಆತಂಕದಿಂದ. ಆದರೆ ಯುನೆಸ್ಕೋ 2018ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯು ಹಲವು ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿ, ಇಂತಹ ಶಿಕ್ಷಣದಿಂದ ಮಕ್ಕಳ ಲೈಂಗಿಕ ಚಟುವಟಿಕೆ ಹೆಚ್ಚುವುದಿಲ್ಲವೆಂದು ಹೇಳಿದೆ. 2024ರ ಸೆಪ್ಟೆಂಬರಿನ ತೀರ್ಪೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವೂ, ಲೈಂಗಿಕ ಶಿಕ್ಷಣ ಪಾಶ್ಚಾತ್ಯರದು, ಸ್ವೇಚ್ಛೆಗೆ ದಾರಿ ಎಂಬುದು ತಪ್ಪು ಕಲ್ಪನೆಯೆಂದಿತು. ಮನೆ, ಕಾಲೇಜು ಎರಡೂ ಬಾಯಿ ಮುಚ್ಚಿದರೆ ಮಕ್ಕಳು ಅಜ್ಞಾನಿಗಳಾಗಿ ಉಳಿಯುವುದಿಲ್ಲ. ಅಂಗೈಯಲ್ಲಿನ ಮೊಬೈಲು ಕಲಿಸುತ್ತದೆ. ಅದು ಕಲಿಸುವುದರಲ್ಲಿ ಸಮ್ಮತಿಯ ಮಾತು ಇರುವುದಿಲ್ಲ.

ಮಾಡಬಹುದಾದ ನಾಲ್ಕು ಕೆಲಸ

ದೊಡ್ಡ ಯೋಜನೆಗಳಿಗೆ ಕಾಯದೆ ನಮ್ಮ ಮಟ್ಟದಲ್ಲಿ ಆರಂಭಿಸಬಹುದಾದ ಕೆಲಸಗಳಿವೆ. ಮೊದಲನೆಯದು, ಪ್ರತಿ ಕಾಲೇಜಿನ ಗೋಡೆಯ ಮೇಲೆ ಸಮಿತಿಯ ಸದಸ್ಯರ ಹೆಸರು, ಸಂಪರ್ಕ ಸಂಖ್ಯೆ, ಶಿಕ್ಷೆಯ ವಿವರ ಇರಬೇಕೆಂಬುದು ಕಾನೂನಿನ ಆಜ್ಞೆ. ಆ ಫಲಕ ತೆಲುಗು, ಕನ್ನಡ, ಉರ್ದು, ಇಂಗ್ಲಿಷುಗಳಲ್ಲಿ ಇರಲಿ. ನಮ್ಮ ಕನ್ನಡ ಸಂಘಗಳು ಅನುವಾದಿಸಿ ಬರೆಸಿಕೊಡಲು ಮುಂದಾಗಲಿ. ಎರಡನೆಯದು, ವರ್ಷಾರಂಭದಲ್ಲಿ ಜೂನಿಯರ್ ಮತ್ತು ಪದವಿ ಕಾಲೇಜುಗಳಲ್ಲಿ ಕನಿಷ್ಠ ಮೂರು ತರಗತಿಗಳು ನಡೆಯಲಿ: ಒಂದು ಪದಗಳ ಪಾಠ, ಒಂದು ಕಾನೂನಿನ ಪಾಠ, ಒಂದು ಪ್ರಶ್ನೋತ್ತರ. ಹೆಸರು ಬರೆಯದ ಚೀಟಿಯಲ್ಲಿ ಪ್ರಶ್ನೆ ಹಾಕುವ ಪೆಟ್ಟಿಗೆ ಇರಲಿ. ಬಾಯಿ ಬಿಟ್ಟು ಕೇಳಲಾಗದ್ದನ್ನು ಕೈ ಬರೆಯುತ್ತದೆ. ಮೂರನೆಯದು, ತಂದೆತಾಯಿಯರ ಸಭೆಯಲ್ಲಿ ಪ್ರಾಂಶುಪಾಲರು ಒಂದು ಮಾತನ್ನು ಕೇಳಿ ಪಡೆಯಲಿ: ‘ಮಗಳು ದೂರು ಹೇಳಿದರೆ ಅವಳ ಓದು ನಿಲ್ಲಿಸುವುದಿಲ್ಲ’. ನಾಲ್ಕನೆಯದು, ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098, ತುರ್ತು ಕರೆಯ 112, ಸೈಬರ್ ಅಪರಾಧಕ್ಕೆ 1930, ಈ ನಾಲ್ಕು ಸಂಖ್ಯೆಗಳು ಪ್ರತಿ ವಿದ್ಯಾರ್ಥಿಯ ಗುರುತಿನ ಚೀಟಿಯ ಹಿಂಬದಿಯಲ್ಲಿ ಅಚ್ಚಾಗಲಿ.

ಗಡಿನಾಡಿನಲ್ಲಿ ಕನ್ನಡ ಉಳಿಯಬೇಕೆಂದು ನಾವು ದಶಕಗಳಿಂದ ಹೇಳುತ್ತ ಬಂದಿದ್ದೇವೆ. ಹಬ್ಬಕ್ಕೆ, ಹಾಡಿಗೆ, ನವೆಂಬರಿನ ಧ್ವಜಕ್ಕೆ ಮಾತ್ರ ಒದಗುವ ಭಾಷೆ ಹೇಗೆ ಉಳಿದೀತು? ಕಷ್ಟದ ಗಳಿಗೆಯಲ್ಲಿ ಹೆಣ್ಣುಮಗಳ ನಾಲಿಗೆಗೆ ಬರುವ ಮಾತಾಗಿ, ಆ ಮಾತನ್ನು ಕೇಳಿ ನಿಲ್ಲುವ ಹುಡುಗನ ತಿಳಿವಾಗಿ ಅದು ಬದುಕಬೇಕು. ಓದುಗರು ಈ ಸಂಚಿಕೆಯನ್ನು ಮಡಚಿಡುವ ಮೊದಲು ಕಾಲೇಜಿಗೆ ಹೋಗುವ ಮಗಳಿಗೂ ಮಗನಿಗೂ ಒಟ್ಟಿಗೆ ಕೂರಿಸಿ ಓದಿ ಹೇಳಲಿ. ಆಮೇಲೆ ಅವರು ಏನು ಹೇಳುತ್ತಾರೋ ಅದನ್ನು ನಡುವೆ ಬಾಯಿ ಹಾಕದೆ ಕೇಳಲಿ.